ಊರಿಗೆ ಊರೇ ಬೀಗ

ಗೆಳೆಯಾ,

ಜನಗಣತಿ ಡ್ಯೂಟಿ ಬಂತು, ಬೀಗ ಹಾಕಿದ ಮನೆಗಳನ್ನು ಏನು ಮಾಡಲಿ ಅಂತ ಫೋನಲ್ಲಿ ಗೊಣಗುತ್ತಿದ್ದೆಯಲ್ಲ. ಅವತ್ತೇ ಹೇಳಬೇಕಿತ್ತು. ನಾನು ಹೋಗಿಬಂದ ಕೇದಾರನಾಥದಲ್ಲಿ ವರ್ಷಕ್ಕೆ ಆರು ತಿಂಗಳು ಊರಿಗೆ ಊರೇ ಬೀಗ.

ನಮಗೆ ಅದು ಬರೀ ದೇವಸ್ಥಾನ. ಸರ್ಕಾರದ ಲೆಕ್ಕದಲ್ಲಿ ಪಟ್ಟಣ, ನಗರ ಪಂಚಾಯಿತಿ ಬೇರೆ! 2001ರಲ್ಲಿ 479 ಜನ, 2011ರಲ್ಲಿ 612. ಹೆಂಗಸರು ಬೆರಳೆಣಿಕೆಯಷ್ಟೇ. ಈ 612 ಜನ ಸಿಕ್ಕಿದ್ದು ಹೇಗೆ ಗೊತ್ತಾ? ನಮಗೆಲ್ಲ 2011ರ ಮಾರ್ಚ್ 1ರ ಲೆಕ್ಕವಾದರೆ, ಹಿಮ ಬೀಳುವ ಊರುಗಳಿಗೆ 2010ರ ಅಕ್ಟೋಬರ್ 1. ಮಾರ್ಚ್‌ನಲ್ಲಿ ಹೋಗಿದ್ದರೆ ಎಣಿಸುವುದಿರಲಿ, ಬಾಗಿಲು ಹುಡುಕಲು ಹಿಮ ಅಗೆಯಬೇಕಿತ್ತು. ಈ ಸಲವೂ ಅವರಿಗೆ 2026ರ ಅಕ್ಟೋಬರ್ 1, ನಿನಗೆ 2027ರ ಮಾರ್ಚ್ 1.

ಗೌರಿಕುಂಡದಿಂದ ಹತ್ತಿ ನನ್ನ ಮಂಡಿ ಸೋತಿತ್ತು. ಮೂರೂವರೆ ಸಾವಿರ ಮೀಟರ್ ಎತ್ತರ, ನಾಲ್ಕು ಹೆಜ್ಜೆಗೆ ಏದುಸಿರು. ಒಂದು ಟೀ ಅಂಗಡಿಯಲ್ಲಿ ಕೂತೆ. ಅಂಗಡಿಯವನು ಒಲೆ ಪಕ್ಕದಲ್ಲೇ ಒಂದು ನದಿಕಲ್ಲು ಇಟ್ಟುಕೊಂಡು ಶುಂಠಿ ಜಜ್ಜುತ್ತಿದ್ದ. ನಿಮ್ಮೂರು ಯಾವುದು ಅಂದೆ. ಕಲ್ಲು ಹಿಡಿದ ಕೈಯಲ್ಲೇ ಕೆಳಗಿನ ಕಣಿವೆ ತೋರಿಸಿದ. ಕುದುರೆಯವನನ್ನು ಕೇಳಿದೆ, ಅವನೂ ಕೆಳಗೇ ತೋರಿಸಿದ. ಲಾಡ್ಜಿನ ಹುಡುಗನೂ ಅಷ್ಟೇ. ಇದೇ ನಮ್ಮೂರು ಅಂದವನು ಒಬ್ಬನೂ ಸಿಗಲಿಲ್ಲ.

ಗಂಡಸರು ಮೇಲೆ ದುಡಿಯಲು, ಹೆಂಗಸರು ಕೆಳಗೆ ಹೊಲ, ದನ, ಮಕ್ಕಳು. ಹಾಗಾಗಿಯೇ 2013ರ ಜೂನ್ 16, 17ರಂದು ಪ್ರವಾಹ ಬಂದು, ಮೇಲಿನ ಚೋರಾಬಾರಿ ಕೆರೆ ಒಡೆದಾಗ, ಕೆಳಗಿನ ಊರುಗಳ ಗಂಡಸರೇ ಹೋಗಿಬಿಟ್ಟರು. ದೇವಲಿ ಭಣಿಗ್ರಾಮ ಒಂದರಿಂದಲೇ ಐವತ್ತರಷ್ಟು ಜನ. ವಿಧವೆಯರ ಊರು ಅಂತಲೇ ಪೇಪರುಗಳು ಬರೆದವು. ಗುಡಿಯ ಹಿಂದೆ ಬಂದು ನಿಂತು ನೀರನ್ನು ಸೀಳಿದ ಬಂಡೆಗೆ ಭೀಮಶಿಲೆ ಅಂತ ಹೆಸರಾಗಿದೆ. ಎಲ್ಲರೂ ಅದರ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ನಾನೂ ತೆಗೆಸಿಕೊಂಡೆ, ಆಮೇಲೆ ಯಾಕೋ ಸರಿ ಅನಿಸಲಿಲ್ಲ.

ಆ ಪ್ರವಾಹದಲ್ಲಿ ಶಂಕರಾಚಾರ್ಯರ ಸಮಾಧಿಯೂ ಕೊಚ್ಚಿಹೋಗಿತ್ತು. 2021ರಲ್ಲಿ ಅಲ್ಲಿ ಕೂರಿಸಿದ 12 ಅಡಿಯ ಮೂರ್ತಿ ಕೆತ್ತಿದ್ದು ನಮ್ಮ ಮೈಸೂರಿನ ಅರುಣ್ ಯೋಗಿರಾಜ್. ಇನ್ನು ಕೇದಾರದ ರಾವಲರು, ಅಂದರೆ ಗುಡಿಯ ಪ್ರಧಾನ ಅರ್ಚಕರು, ಸಂಪ್ರದಾಯದಂತೆ ನಮ್ಮ ಕಡೆಯ ವೀರಶೈವ ಜಂಗಮರು. ವೀರಶೈವರ ಐದು ಗುರುಪೀಠಗಳಾದ ಪಂಚಪೀಠಗಳಲ್ಲಿ ಬಾಳೆಹೊನ್ನೂರಿನ ಜೊತೆ ಇದೂ ಒಂದಲ್ವಾ? ರಾವಲರು ತಾವೇ ಪೂಜೆಗೆ ಕೂರುವುದಿಲ್ಲ, ಅವರು ನೇಮಿಸಿದ ಅರ್ಚಕರು ಸರದಿ ಪ್ರಕಾರ ಮಾಡುತ್ತಾರೆ.

ದೀಪಾವಳಿ ಮುಗಿದು ಭಾವನ ಬಿದಿಗೆ ಬಂತು ಅಂದರೆ ಬಾಗಿಲು ಬಂದ್. ಉತ್ಸವಮೂರ್ತಿ ಪಲ್ಲಕ್ಕಿಯಲ್ಲಿ ಕೆಳಗಿನ ಕಣಿವೆಯ ಊಖೀಮಠಕ್ಕೆ ಇಳಿಯುತ್ತದೆ. ಮತ್ತೆ ಬಾಗಿಲು ತೆಗೆಯುವ ದಿನ ಗೊತ್ತು ಮಾಡುವುದು ಶಿವರಾತ್ರಿಗೆ, ಅದೂ ಊಖೀಮಠದಲ್ಲೇ. ದೇವರೂ ಕೆಳಗಿನ ಊರಿನವನೇ ಕಣೋ, ಟೀ ಅಂಗಡಿಯವನ ಹಾಗೆ.

ನಿನ್ನ ಬೀಗದ ಮನೆಗಳವರು ಸಿಕ್ಕರಾ? ಬರಿ.

ನಿನ್ನವನು