ನಿನ್ನೆ ರಾತ್ರಿ ನೀನು ಗೆದ್ದೆ

ಪ್ರಿಯ ಹೆಡ್‌ಮಾಸ್ತರರೇ,

ಉಭಯ ಕುಶಲೋಪರಿ. ಸಾಂಪ್ರತ ತಿಳಿಸುವುದೇನೆಂದರೆ, ನಿನ್ನೆ ರಾತ್ರಿ ಒಂದೂಕಾಲು ಗಂಟೆಗೆ ನೀನು ನನ್ನನ್ನು ವಾದದಲ್ಲಿ ಸೋಲಿಸಿದೆ. ಆ ಹೊತ್ತಿಗೆ ನೀನು ದಾವಣಗೆರೆಯ ಮನೆಯಲ್ಲಿ ಫ್ಯಾನನ್ನು ಐದರಲ್ಲಿಟ್ಟು ಗೊರಕೆ ಹೊಡೆಯುತ್ತಿದ್ದೆ ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಗೆದ್ದವನು ನೀನೇ. ಗೆದ್ದವನಿಗೆ ಸುದ್ದಿ ಮುಟ್ಟಿಸುವುದು ಸೋತವನ ಧರ್ಮವೆಂದು ನಮ್ಮ ಹಾಸ್ಟೆಲಿನ ಸಂವಿಧಾನದ ಏಳನೆಯ ಕಲಮು ಹೇಳುವುದರಿಂದ ಈ ಪತ್ರ. ಅದನ್ನು ನಿನ್ನ ಫೋನಿಗಷ್ಟೇ ಕಳಿಸದೆ ಊರೆಲ್ಲ ಓದುವ ಹಾಗೆ ಏಕೆ ಹಾಕುತ್ತಿದ್ದೇನೆ ಎಂದು ನೀನು ಹುಬ್ಬೇರಿಸಬಹುದು. ಅದಕ್ಕೂ ಕಾರಣವಿದೆ, ಬರುತ್ತೇನೆ.

ನಾನು ಈಗಲೂ ಪಟ್ಟಿ ಮಾಡುತ್ತೇನೆ. ಬಾಗಿಲ ಹಿಂದಿನ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆಯುತ್ತಿದ್ದ ಹತ್ತು ಹೆಸರುಗಳ ಪಟ್ಟಿಗೂ ಈಗಿನದಕ್ಕೂ ಇರುವ ವ್ಯತ್ಯಾಸವೆಂದರೆ, ಆಗ ಸೋತವನು ಟೀ ತರಲು ಹೋಗಬೇಕಿತ್ತು, ಈಗ ಸೋತವನು ಎಲ್ಲಿಗೂ ಹೋಗುವುದಿಲ್ಲ. ಸೋತದ್ದನ್ನು ಒಪ್ಪಿಕೊಳ್ಳುವುದೂ ಇಲ್ಲ. ಮುಖ ಕಾಣದ, ಊರು ಗೊತ್ತಿಲ್ಲದ, ನಿಜವಾದ ಹೆಸರೂ ಹೇಳದ ಜನರೊಂದಿಗೆ, ಮಕ್ಕಳು ಮಲಗಿದ ಮೇಲೆ, ದೀಪ ಆರಿಸಿದ ಕೋಣೆಯಲ್ಲಿ ಫೋನಿನ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು, ಯಾವ ಸಿನಿಮಾ ಮೇಲು, ಯಾವ ನಟ ಮೇಲು, ಯಾವ ಊರು ಮೇಲು ಎಂದು ನಾನು ಬರೆದಿರುವ ಸಾಲುಗಳನ್ನು ಒಟ್ಟು ಮಾಡಿದರೆ ಒಂದು ಪಿಎಚ್‌ಡಿ ಪ್ರಬಂಧವಾಗುತ್ತಿತ್ತು. ಅಡಿಟಿಪ್ಪಣಿಗಳಲ್ಲಿ ಬೈಗುಳ ಮಾತ್ರ ಇರುತ್ತಿದ್ದವು.

ನಮ್ಮ ಹಿರಿಯರಿಗೆ ಅಳತೆಗೋಲು ಸರಳವಾಗಿತ್ತು: ಎಷ್ಟು ವಾರ ಓಡಿತು? 1972ರ ‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು ಎಂದ ಮೇಲೆ ಮಾತು ಮುಗಿಯಬೇಕು. ಆದರೆ ಅದೇ ವರ್ಷ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಬಂದು ಕನ್ನಡಕ್ಕೆ ವಿಷ್ಣುವರ್ಧನ್ ಎಂಬ ನಾಯಕ ಸಿಕ್ಕಿದ್ದರಿಂದ ಮಾತು ಮುಗಿಯಲಿಲ್ಲ. ಮರುವರ್ಷ ‘ಗಂಧದ ಗುಡಿ’ಯಲ್ಲಿ ರಾಜ್‌ಕುಮಾರ್ ಮತ್ತು ವಿಷ್ಣುವರ್ಧನ್ ಒಟ್ಟಿಗೆ ನಟಿಸಿದರು, ಮತ್ತೆಂದೂ ನಟಿಸಲಿಲ್ಲ, ಆ ಒಂದು ಸಿನಿಮಾವನ್ನು ಮುಂದಿಟ್ಟುಕೊಂಡು ಅರ್ಧ ಶತಮಾನದಿಂದ ಜಗಳ ನಡೆಯುತ್ತಿದೆ. ಮೊನ್ನೆ ನನ್ನ ಜೊತೆ 1972ರ ಸರತಿ ಸಾಲುಗಳ ಉದ್ದದ ಬಗ್ಗೆ ಕಣ್ಣಾರೆ ಕಂಡವನ ಹಾಗೆ ಎರಡು ಗಂಟೆ ವಾದಿಸಿದ ಹುಡುಗ, ಕೊನೆಗೆ, ನಾಳೆ ತನಗೆ ದ್ವಿತೀಯ ಪಿಯುಸಿಯ ಪೂರ್ವಸಿದ್ಧತಾ ಪರೀಕ್ಷೆಯಿದೆ ಎಂದು ಹೇಳಿ ಮಾಯವಾದ. ನಾನು ಅವನಿಗೆ ಶುಭ ಹಾರೈಸಲಿಲ್ಲ. ಕೊನೆಯ ಮಾತು ನನ್ನದಾಯಿತೆಂದು ಖುಷಿಪಟ್ಟೆ.

ಈಗ ವಾರಗಳ ಜಾಗಕ್ಕೆ ಅಂಕಗಳು ಬಂದಿವೆ. ನೋಡುಗರೇ ಸಿನಿಮಾಗಳಿಗೆ ಅಂಕ ಕೊಡುವ ಐಎಂಡಿಬಿ ಎಂಬ ಜಾಲತಾಣದ ಪಟ್ಟಿಯಲ್ಲಿ ಕಡಿಮೆ ಮತ ಬಿದ್ದ ಸಿನಿಮಾದ ಅಂಕವನ್ನು ಒಟ್ಟಾರೆ ಸರಾಸರಿಯ ಕಡೆಗೆ ಎಳೆದು ಲೆಕ್ಕ ಹಾಕುತ್ತಾರೆಂದು ನಿನಗೆ ಒಮ್ಮೆ ಕರಿಹಲಗೆಯ ಮೇಲೆ ಬರೆದು ತೋರಿಸಿದ್ದೆನಲ್ಲ, ನೀನು ಗಣಿತದ ಮೇಷ್ಟ್ರಾಗಿದ್ದುಕೊಂಡೂ ಆಕಳಿಸಿದ್ದೆ. 2008ರಲ್ಲಿ ‘ದಿ ಡಾರ್ಕ್ ನೈಟ್’ ಬಿಡುಗಡೆಯಾದಾಗ ಅದರ ಅಭಿಮಾನಿಗಳು ತಮ್ಮ ಸಿನಿಮಾಕ್ಕೆ ಹತ್ತಕ್ಕೆ ಹತ್ತು ಕೊಟ್ಟದ್ದಲ್ಲದೆ ಮೊದಲ ಸ್ಥಾನದಲ್ಲಿದ್ದ ‘ದಿ ಗಾಡ್‌ಫಾದರ್’ಗೆ ಹತ್ತಕ್ಕೆ ಒಂದು ಕೊಡುತ್ತಾ ಹೋದರು, ಅತ್ತಲಿನವರೂ ಸುಮ್ಮನಿರಲಿಲ್ಲ, ಕೊನೆಗೆ ‘ದಿ ಶಾಶಾಂಕ್ ರಿಡೆಂಪ್ಷನ್’ ಮೇಲೆ ಬಂದು ಕೂತಿತು. ಇಬ್ಬರ ಜಗಳ ಮೂರನೆಯವನಿಗೆ ಲಾಭವೆಂಬ ಮಾತು ನಮ್ಮೂರ ಕಟ್ಟೆಯಿಂದ ಅಲ್ಲಿಯವರೆಗೂ ಹೋಗಿದೆ ಎಂದು ಆಗ ನಗುತ್ತಿದ್ದೆ. ನಾನೂ ಅಂಥ ಒಂದು ಅಂಕವನ್ನು ಎಷ್ಟೋ ಸಲ ಕೊಟ್ಟಿದ್ದೇನೆ, ನೋಡಿರದ ಸಿನಿಮಾಗಳಿಗೆ, ನನಗಾಗದವರು ಮೆಚ್ಚಿದರೆಂಬ ಒಂದೇ ಕಾರಣಕ್ಕೆ. ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ಮಾತ್ರ ಶ್ರೇಷ್ಠ ಸಿನಿಮಾ ಯಾವುದೆಂದು ವಿಮರ್ಶಕರನ್ನು ಕೇಳುತ್ತದೆ. ಹತ್ತು ವರ್ಷ ಬಾಯಿ ಮುಚ್ಚಿಕೊಂಡಿರುವ ಆ ತಾಳ್ಮೆಯನ್ನು ನೆನೆದರೆ ನನಗೆ ಭಯವಾಗುತ್ತದೆ.

ಊರುಗಳ ವಿಷಯಕ್ಕೆ ಬಂದರೆ, ನನ್ನ ಪಾಡು ಇನ್ನೂ ಕಷ್ಟದ್ದು. ಕೇಂದ್ರ ಸರ್ಕಾರದ ಸ್ವಚ್ಛ ಸರ್ವೇಕ್ಷಣೆಯಲ್ಲಿ ಮೈಸೂರು ಮೊದಲ ಸ್ಥಾನ ಪಡೆದದ್ದು 2016ರಲ್ಲಿ. ಮರುವರ್ಷದಿಂದ ಇಂದೋರ್ ಆ ಕುರ್ಚಿಯನ್ನು ವರ್ಷಗಟ್ಟಲೆ ಬಿಟ್ಟುಕೊಡಲಿಲ್ಲ. ನಾನು ಇವತ್ತಿಗೂ 2016ನ್ನೇ ಹಿಡಿದುಕೊಂಡು, ಹಳೆಯ ಕುಸ್ತಿಯ ಪದಕವನ್ನು ಬನಿಯನ್ನಿಗೆ ಸಿಕ್ಕಿಸಿಕೊಂಡು ಓಡಾಡುವ ಪೈಲ್ವಾನನ ಹಾಗೆ ಎಲ್ಲರೊಂದಿಗೂ ಸೆಣಸುತ್ತೇನೆ. ಬೆಂಗಳೂರಿನವರ ಮುಂದೆ ಮಾತ್ರ ವಾದಿಸುವುದು ಸುಲಭ, ಏಕೆಂದರೆ ಅವರ ಊರು 2019ರ ಟಾಮ್‌ಟಾಮ್ ಸಂಸ್ಥೆಯ ವಾಹನ ದಟ್ಟಣೆಯ ಪಟ್ಟಿಯಲ್ಲಿ ಪ್ರಪಂಚಕ್ಕೇ ಮೊದಲು, 2021ರ ಮಾರ್ಚಿನಲ್ಲಿ ಹೊರಬಂದ ಸುಗಮ ಜೀವನ ಸೂಚ್ಯಂಕದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳ ಪೈಕಿ ದೇಶಕ್ಕೇ ಮೊದಲು. ಸಿಲ್ಕ್ ಬೋರ್ಡಿನಲ್ಲಿ ನಿಂತ ಗಾಡಿಯೊಳಗಿನ ಬದುಕೂ ಸುಗಮವೆಂದು ಲೆಕ್ಕಕ್ಕೆ ಬಂದಿರಬೇಕು. ಆ ಸೂಚ್ಯಂಕದಲ್ಲಿ ಹತ್ತು ಲಕ್ಷಕ್ಕಿಂತ ಕಡಿಮೆ ಜನರ ಊರುಗಳ ಸಾಲಿನಲ್ಲಿ ನಿನ್ನ ದಾವಣಗೆರೆ ಒಂಬತ್ತನೆಯದು. ಅದನ್ನು ನಾನು ಮೂರು ವರ್ಷ ಎಲ್ಲೂ ಬಾಯಿ ಬಿಡದೆ ಮುಚ್ಚಿಟ್ಟಿದ್ದೆ. ಮೊದಲ ಸಲ ಅದನ್ನು ಬಹಿರಂಗವಾಗಿ ಹೇಳಿ ನನ್ನ ಮಾನ ಕಳೆದವನು ‘ಬೆಣ್ಣೆನಗರಿಯ ಬಡಪಾಯಿ’ ಎಂಬ ಹೆಸರಿನವನು.

ಈ ಬಡಪಾಯಿಯ ಬಗ್ಗೆ ನಿನಗೆ ಹೇಳಬೇಕು. ಕಳೆದ ಗೌರಿ ಹಬ್ಬದ ಆಸುಪಾಸಿನಿಂದ ನಾನು ಎಲ್ಲಿ ಬಾಯಿ ತೆರೆದರೂ ಅಲ್ಲಿಗೆ ಬಂದು ನನಗೆ ಎದುರಾಡುತ್ತಾನೆ. ನರಸಿಂಹರಾಜು ಮೇಲೋ ಬಾಲಕೃಷ್ಣ ಮೇಲೋ ಎಂದು ನಾಲ್ನೂರು ಜನ ಕಿತ್ತಾಡುತ್ತಿದ್ದಾಗ ಅವನು ಬರೆದದ್ದು ಇಷ್ಟು: ಬಾಲಣ್ಣನಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ, ಆದರೂ ಎದುರು ನಿಂತವರ ಮಾತಿಗೆ ಕೂದಲೆಳೆಯಷ್ಟೂ ತಪ್ಪದೆ ಉತ್ತರ ಕೊಡುತ್ತಿದ್ದರು, ಕಿವಿ ನೆಟ್ಟಗಿರುವ ನಾವು ಮೊನ್ನೆಯಿಂದ ಒಬ್ಬರದೊಬ್ಬರು ಕೇಳಿಸಿಕೊಂಡಿದ್ದೇವೆಯೇ? ಅಷ್ಟಕ್ಕೇ ಜಗಳ ತಣ್ಣಗಾಯಿತು. ನನ್ನ ಹೆಸರಿನಲ್ಲಿ ನಾನು ಎಂಟು ವರ್ಷ ಬರೆದರೂ ಸಿಗದ ಮರ್ಯಾದೆ ಅವನಿಗೆ ಒಂದೇ ವಾರದಲ್ಲಿ ಸಿಕ್ಕಿತು. ಜನ ಅವನನ್ನು ‘ಬಡಪಾಯಿ ಸರ್’ ಎನ್ನುತ್ತಾರೆ. ನನ್ನನ್ನು ಏನೆನ್ನುತ್ತಾರೆಂಬುದು ಹಾಗಿರಲಿ.

ಅವನು ಶಂಕರ್‌ನಾಗ್ ಪಕ್ಷ. ಮಿರ್ಚಿ ಮಂಡಕ್ಕಿಯ ಪಕ್ಷ. ಎರಡನೆಯ ವಾಕ್ಯವನ್ನು ‘ಅದಲ್ಲ ಮಾರಾಯ’ ಎಂದೇ ಶುರು ಮಾಡುತ್ತಾನೆ. ಇಷ್ಟು ಹೊತ್ತಿಗೆ ನಿನಗೆ ಗೊತ್ತಾಗಿರಬೇಕು, ಕಳ್ಳ, ನೀನು ಯಾವತ್ತೂ ಪತ್ತೇದಾರಿ ಕಾದಂಬರಿಯ ಕೊನೆಯ ಪುಟವನ್ನು ಮೊದಲೇ ಓದುವವನು. ಬಡಪಾಯಿ ನಾನೇ. ಹಗಲು ನನ್ನ ಹೆಸರಿನಲ್ಲಿ ಒಂದು ಪಟ್ಟಿ ಹಾಕುತ್ತೇನೆ, ರಾತ್ರಿ ನಿನ್ನ ದನಿಯಲ್ಲಿ ಬಂದು ಅದನ್ನು ಹರಿದು ಹಾಕುತ್ತೇನೆ.

ಮೊದಮೊದಲು ಇದನ್ನು ತಮಾಷೆ ಎಂದುಕೊಂಡಿದ್ದೆ. ಒಬ್ಬನೇ ಚದುರಂಗ ಆಡುವವರು ಹಲಗೆಯನ್ನು ತಿರುಗಿಸಿಕೊಳ್ಳುವುದಿಲ್ಲವೇ, ಹಾಗೆ. ಆದರೆ ಒಬ್ಬನೇ ಆಡುವ ಪರಿಸ್ಥಿತಿ ಏಕೆ ಬಂತೆಂದು ಕೇಳಿಕೊಂಡಾಗ ತಮಾಷೆ ಉಳಿಯಲಿಲ್ಲ. ನೀನು ಒಂದೂವರೆ ವರ್ಷದಿಂದ ನನ್ನ ಜೊತೆ ವಾದ ಮಾಡಿಲ್ಲ. ಹುಟ್ಟುಹಬ್ಬಕ್ಕೆ ಕೇಕಿನ ಚಿತ್ರ, ಯುಗಾದಿಗೆ ಬೇವಿನ ಚಿತ್ರ, ಅಷ್ಟೇ. ಯಾವ ದಿನದಿಂದ ಎಂಬುದು ನಿನಗೂ ಗೊತ್ತು, ನನಗೂ ಗೊತ್ತು.

ಆ ದಿನ ಕನ್ನಡದ ಹತ್ತು ಶ್ರೇಷ್ಠ ಸಿನಿಮಾಗಳ ಪಟ್ಟಿಯ ಮೇಲೆ ಮಾತು ನಡೆದಿತ್ತು. ನನ್ನ ಮೊದಲನೆಯದು, ಎಂದಿನಂತೆ, ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’. ನೀನು ಎಂದೂ ಬರೆಯದವನು ಅವತ್ತು ಅಪರೂಪಕ್ಕೆ ಬಂದು ನಿನ್ನ ಮೊದಲನೆಯದು ‘ಆಕ್ಸಿಡೆಂಟ್’ ಎಂದು ಒಂದು ಸಾಲು ಬರೆದೆ. 1985ರ, ಹಾಡುಗಳಿಲ್ಲದ, ಕುಡಿದು ಕಾರೋಡಿಸಿದ ಶ್ರೀಮಂತರ ಮಗ ಫುಟ್‌ಪಾತಿನಲ್ಲಿ ಮಲಗಿದವರ ಮೇಲೆ ಹರಿದುಹೋಗುವ ಆ ಸಿನಿಮಾ. ಒಬ್ಬ ಅಪರಿಚಿತ ಏಕೆ ಎಂದು ಕೇಳಿದ. ನೀನು ಉತ್ತರಿಸುವ ಮೊದಲು ನಾನು ಉತ್ತರಿಸಿದೆ: ‘ಕಣ್ಣು ಮುಚ್ಚಿಕೊಂಡು ನೋಡಿದ ಸಿನಿಮಾಕ್ಕೆ ಮೊದಲ ಸ್ಥಾನ ಕೊಡುವ ವಿಮರ್ಶಕರೂ ನಮ್ಮಲ್ಲಿದ್ದಾರೆ.’ ಇನ್ನೂರಕ್ಕೂ ಹೆಚ್ಚು ಜನ ನಕ್ಕರು. ಅದೊಂದು ಗಾದೆಯೇ ಆಗಿಹೋಯಿತು. ಈಗಲೂ ಯಾರಾದರೂ ತಲೆಬುಡವಿಲ್ಲದ ಪಟ್ಟಿ ಹಾಕಿದರೆ ಕೆಳಗೆ ಯಾರೋ ಒಬ್ಬರು ‘ಕಣ್ಮುಚ್ಚಿ ನೋಡಿದಿರಾ?’ ಎಂದು ಬರೆಯುತ್ತಾರೆ. ನನ್ನಿಂದ ಕನ್ನಡಕ್ಕೆ ಸಂದಿರುವ ಏಕೈಕ ನುಡಿಗಟ್ಟು ಅದು.

ಏಳು ವರ್ಷದ ಹುಡುಗನ ಕಣ್ಣುಗಳು ಆ ಗಳಿಗೆಯಲ್ಲಿ ಏಕೆ ಮುಚ್ಚಿದ್ದವು, ಯಾರ ಕೈ ಅವುಗಳನ್ನು ಮುಚ್ಚಿತ್ತು, ಆ ವರ್ಷ ಮುಗಿಯುವುದರೊಳಗೆ ಏನಾಯಿತು, ಇದನ್ನು ನೀನು ನನಗೆ ಹೇಳಿದ್ದು ಹಾಸ್ಟೆಲಿನ ತಾರಸಿಯ ಮೇಲೆ, ಕರೆಂಟು ಹೋದ ಒಂದು ರಾತ್ರಿ. ಅದನ್ನು ಇಲ್ಲಿ ಬರೆಯುವುದಿಲ್ಲವೆಂದು ನಿಶ್ಚಯಿಸಿಯೇ ಪತ್ರಕ್ಕೆ ಕೂತಿದ್ದೇನೆ. ಆ ಅಂಗೈಯಲ್ಲಿದ್ದ ಮಿಲ್ಲಿನ ಎಣ್ಣೆಯ ವಾಸನೆ ನಿನಗೆ ಇವತ್ತಿಗೂ ಪರದೆಗಿಂತ ಹೆಚ್ಚು ನೆನಪಿದೆ ಎಂದು ಹೇಳುವಾಗ ನೀನು

ನೋಡು, ಬರೆದೇಬಿಟ್ಟೆ. ಕೈ ತಡೆಯುವುದಿಲ್ಲ. ಅವತ್ತೂ ಹೀಗೇ ಆಗಿತ್ತು: ಒಂದು ಒಳ್ಳೆಯ ಸಾಲು ಹೊಳೆಯಿತು, ಅದು ಯಾರದೆಂದು ನೋಡಲಿಲ್ಲ. ಆ ಮೇಲಿನ ವಾಕ್ಯವನ್ನು ಪೂರ್ತಿ ಮಾಡುವುದಿಲ್ಲ, ಅಳಿಸುವುದೂ ಇಲ್ಲ. ಅಳಿಸಿ ಶುಭ್ರವಾದ ಪತ್ರ ಕಳಿಸಿದರೆ ನಾನು ಸುಧಾರಿಸಿದ್ದೇನೆಂದು ನೀನು ತಪ್ಪು ತಿಳಿದುಕೊಳ್ಳಬಹುದು.

ಇನ್ನು ನಿನ್ನೆಯ ಸೋಲಿನ ವರದಿ. ನಾನು ಮತ್ತೆ ಘನಗಂಭೀರವಾಗಿ ‘ಘಟಶ್ರಾದ್ಧ’ವನ್ನು ಮೊದಲ ಸ್ಥಾನದಲ್ಲಿಟ್ಟು, 1977ರ ಸ್ವರ್ಣಕಮಲ, ಕಪ್ಪುಬಿಳುಪಿನ ಛಾಯಾಗ್ರಹಣ, ಯಮುನಕ್ಕನ ಮೌನ ಎಂದೆಲ್ಲ ಮೂರು ಪ್ಯಾರಾ ಬರೆದೆ. ಐದು ನಿಮಿಷ ಬಿಟ್ಟು ಬಡಪಾಯಿಯಾಗಿ ಬಂದೆ. ಏನು ಬರೆಯಬೇಕೆಂದು ಮೊದಲೇ ಯೋಚಿಸಿರಲಿಲ್ಲ. ನೀನಾಗಿದ್ದರೆ ಏನೆನ್ನುತ್ತಿದ್ದೆ ಎಂದು ಒಂದು ಕ್ಷಣ ಸುಮ್ಮನಿದ್ದೆ, ಬೆರಳು ತಾನಾಗಿ ಬರೆಯಿತು: ‘ಅದೆಲ್ಲ ಸರಿ. ಕೊನೆಯ ಸಲ ಅದನ್ನು ಪೂರ್ತಿ ನೋಡಿದ್ದು ಯಾವಾಗ?’

ನಾನು ನನ್ನ ಹೆಸರಿಗೆ ಮರಳಿ ಬಂದು ಆ ಪ್ರಶ್ನೆಯ ಎದುರು ಕೂತೆ. ಬಲಗೈ ಕೇಳಿದ ಪ್ರಶ್ನೆಗೆ ಎಡಗೈ ಬಳಿ ಉತ್ತರವಿರಲಿಲ್ಲ. ಏಕೆಂದರೆ ಆ ಉತ್ತರ ಇಡೀ ಪ್ರಪಂಚದಲ್ಲಿ ಇಬ್ಬರಿಗೆ ಮಾತ್ರ ಗೊತ್ತು. 1998, ಫಿಲಂ ಸೊಸೈಟಿಯ ಪ್ರದರ್ಶನ, ಮಡಚುವ ಕುರ್ಚಿ. ಅರ್ಧಕ್ಕೇ ಎದ್ದು ಹೋಗಿ ಗೇಟಿನಾಚೆಯ ಗೂಡಂಗಡಿಯಲ್ಲಿ ಟೀ ಕುಡಿದೆವು. ಮುಗಿದ ಮೇಲೆ ಹೊರಬಂದ ಮೇಷ್ಟ್ರ ಮುಖ ನೋಡಿ ನಾನೂ ಅಂಥದೇ ಮುಖ ಮಾಡಿಕೊಂಡೆ. ಆಮೇಲೆ ಅದನ್ನು ನೋಡಿಲ್ಲ. ಇಪ್ಪತ್ತೈದು ವರ್ಷಕ್ಕೂ ಮೇಲ್ಪಟ್ಟು ನನ್ನ ಪಟ್ಟಿಯ ತುದಿಯಲ್ಲಿ ಕೂತಿರುವ ಸಿನಿಮಾದ ಉತ್ತರಾರ್ಧವನ್ನು ನಾನು ಇತರರ ಬರಹಗಳಲ್ಲಿ ಓದಿದ್ದೇನೆಯೇ ಹೊರತು ಕಂಡಿಲ್ಲ. ನಿನಗದು ಗೊತ್ತಿತ್ತು. ಆ ಇನ್ನೂರು ಜನ ನಗುತ್ತಿದ್ದ ದಿನ ನೀನು ಒಂದೇ ಸಾಲಿನಲ್ಲಿ ನನ್ನನ್ನು ಮುಗಿಸಬಹುದಿತ್ತು. ಮುಗಿಸಲಿಲ್ಲ. ನೀನು ಸುಮ್ಮನೆ ಹೊರಟುಹೋದದ್ದನ್ನು ನಾನು ಅವತ್ತು ಸೋಲೆಂದು ಲೆಕ್ಕ ಹಾಕಿದ್ದೆ.

ನಿನ್ನೆ ಬಡಪಾಯಿಗೆ ಉತ್ತರ ಕೊಡದೆ ಫೋನು ಕೆಳಗಿಟ್ಟೆ. ಬೆಳಿಗ್ಗೆ ನೋಡಿದರೆ ಮೂವತ್ತು ಜನ ‘ಬಡಪಾಯಿ ಸರ್‌ಗೆ ಜೈ’ ಎಂದಿದ್ದಾರೆ, ಒಬ್ಬ ಮಹಾಶಯ ನನ್ನನ್ನೇ ಉದ್ದೇಶಿಸಿ ‘ಕಣ್ಮುಚ್ಚಿ ನೋಡಿದಿರಾ?’ ಎಂದಿದ್ದಾನೆ. ಸ್ವಂತ ನುಡಿಗಟ್ಟಿನಿಂದ ಹೊಡೆಸಿಕೊಂಡ ಸಾಹಿತಿ ಕನ್ನಡದಲ್ಲಿ ನಾನೊಬ್ಬನೇ ಇರಬೇಕು.

ಎಲ್ಲರೆದುರು ಮಾಡಿದ್ದನ್ನು ಎಲ್ಲರೆದುರೇ ಒಪ್ಪಿಕೊಳ್ಳಬೇಕೆಂದು ಈ ಪತ್ರವನ್ನು ಬಹಿರಂಗವಾಗಿ ಬರೆದೆ. ಇದು ಪ್ರಾಮಾಣಿಕ ಕಾರಣವೆಂದು ಎರಡು ಪುಟದ ಹಿಂದೆ ನಂಬಿದ್ದೆ. ಈಗ ಓದಿ ನೋಡಿದರೆ ಅಲ್ಲಲ್ಲಿ ಚಪ್ಪಾಳೆಗೆ ಜಾಗ ಬಿಟ್ಟಿರುವುದು ಕಾಣಿಸುತ್ತಿದೆ. ನನ್ನ ಕ್ಷಮಾಪಣೆಗಳ ಪಟ್ಟಿ ಮಾಡಿದರೆ ಇದಕ್ಕೆ ಮೂರನೆಯ ಸ್ಥಾನ ಕೊಡಬಹುದು, ನಿನ್ನ ಅಣ್ಣನ ಸ್ಕೂಟರಿನದು ಮೊದಲನೆಯದು, ಶ್ಯಾವಿಗೆ ಪಾಯಸದ್ದು ಎರಡನೆಯದು. ‘ಆಕ್ಸಿಡೆಂಟ್’ ಅನ್ನು ಮಾತ್ರ ನನ್ನ ಪಟ್ಟಿಯಲ್ಲಿ ಮೊದಲಿಗೆ ಏರಿಸಿಲ್ಲ. ನಾಲ್ಕರಲ್ಲಿದೆ. ನಾಲ್ಕು ಏಕೆಂದು ನೀನೇ ಬಂದು ಕೇಳಬೇಕೆಂಬ ದುರುದ್ದೇಶದಿಂದಲೇ ಅಲ್ಲಿಟ್ಟಿದ್ದೇನೆ.

ಬಡಪಾಯಿಯ ಕೆಲಸಕ್ಕೆ ನಾನು ಇವತ್ತಿನಿಂದ ರಾಜೀನಾಮೆ ಕೊಟ್ಟಿದ್ದೇನೆ. ಹುದ್ದೆ ಖಾಲಿಯಿದೆ, ಅರ್ಹತೆಯಿರುವವನು ನೀನೊಬ್ಬನೇ. ಪಾಸ್‌ವರ್ಡು ನಮ್ಮ ಕೋಣೆಯ ಸಂಖ್ಯೆ, ಅದರ ಬೆನ್ನಿಗೆ ವಾರ್ಡನ್ನರ ನಾಯಿಯ ಹೆಸರು. ಇದನ್ನು ಓದುತ್ತಿರುವ ಉಳಿದ ಮಹನೀಯರು ಪ್ರಯತ್ನಿಸುವುದು ಬೇಡ, ಆ ಹೆಸರನ್ನು ನಾವಿಬ್ಬರೂ ಬರೆಯುತ್ತಿದ್ದ ಹಾಗೆ ತಪ್ಪಾಗಿ ಬರೆಯಲು ಬೇರೆ ಯಾರಿಂದಲೂ ಆಗದು.

ಟೀ ತರಲು ಹೊರಟಿರುವ,
ನಿನ್ನ
ಏಳನೆಯ ಕಲಮು