ಸಿಎನ್‌ಸಿ ಯಂತ್ರ ಕೊಟ್ಟರೆ ಸಾಲದು, ಅದು ಓಡುವ ವ್ಯವಸ್ಥೆಯನ್ನೂ ಕೊಡಿ: ಕೆಕೆಆರ್‌ಡಿಬಿ ಅಧ್ಯಕ್ಷರಿಗೆ ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರಿಗೆ,
ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ, ಕಲಬುರಗಿ

ಮಾನ್ಯರೇ,

ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳು ಪ್ರಯೋಗಾಲಯಕ್ಕೆ ಉಪಕರಣ ಕೇಳುವಾಗ ಮೆಕ್ಯಾನಿಕಲ್ ವಿಭಾಗದ ಪಟ್ಟಿಯಲ್ಲಿ ಸಾಮಾನ್ಯವಾಗಿ ಒಂದೇ ಸಾಲು ಇರುತ್ತದೆ: ‘ಸಿಎನ್‌ಸಿ ಟರ್ನಿಂಗ್ ಸೆಂಟರ್, ಒಂದು’, ಅಂದರೆ ಕಂಪ್ಯೂಟರ್ ಆದೇಶದಂತೆ ಲೋಹ ಕತ್ತರಿಸುವ ಲೇತ್. ಇಂಥ ಕಡತ ನಿಮ್ಮ ಮೇಜಿಗೆ ಬಂದರೆ ದಯವಿಟ್ಟು ಹಾಗೆಯೇ ಸಹಿ ಹಾಕಬೇಡಿ. ಉಳಿದ ಸಾಲುಗಳು ಎಲ್ಲಿ ಎಂದು ಕೇಳಿ ವಾಪಸ್ ಕಳಿಸಿ. ಆ ಉಳಿದ ಸಾಲುಗಳು ಯಾವುವು, ಅವು ಇಲ್ಲದಿದ್ದರೆ ಕಲಬುರಗಿ, ಬೀದರ್, ಯಾದಗಿರಿಯ ಹುಡುಗ ಹುಡುಗಿಯರು ಏನು ಕಳೆದುಕೊಳ್ಳುತ್ತಾರೆ ಎಂಬುದನ್ನು ಹೇಳಲು ಈ ಪತ್ರ.

ಮೊದಲು ವಿದ್ಯುತ್ತಿನಿಂದ ಶುರು ಮಾಡೋಣ. 8 ಇಂಚಿನ ಚಕ್ (ಕತ್ತರಿಸುವ ಲೋಹವನ್ನು ಹಿಡಿಯುವ ಭಾಗ) ಇರುವ ಟರ್ನಿಂಗ್ ಸೆಂಟರ್‌ಗೆ ಸುಮಾರು 15ರಿಂದ 20 ಕೆವಿಎ ತ್ರೀ ಫೇಸ್ ಲೋಡ್ ಬೇಕು. ಕಾಲೇಜಿಗೆ ಜೆಸ್ಕಾಂ ಮಂಜೂರು ಮಾಡಿದ ಲೋಡ್ ಸಾಲುತ್ತದೆಯೇ ಎಂದು ಯಂತ್ರ ಬಂದ ಮೇಲೆ ನೋಡುವುದಲ್ಲ, ಟೆಂಡರ್‌ಗಿಂತ ಮೊದಲೇ ನೋಡಬೇಕು. ವೋಲ್ಟೇಜ್ ಏರಿಳಿತ ತಡೆಯಲು ಸರ್ವೋ ಸ್ಟೆಬಿಲೈಸರ್ ಬೇಕು, ಯಂತ್ರಕ್ಕೆಂದೇ ಪ್ರತ್ಯೇಕ ಅರ್ಥ್ ಪಿಟ್ ಬೇಕು. ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲು ನಿಮಗೇ ಗೊತ್ತು. ಆ ಬಿಸಿಯಲ್ಲಿ ತಗಡಿನ ಛಾವಣಿಯ ಕೆಳಗೆ ಮೋಟಾರ್ ನಡೆಸುವ ಡ್ರೈವ್‌ಗಳಿರುವ ಪ್ಯಾನೆಲ್‌ಗೆ ಎಸಿ ಇಲ್ಲದಿದ್ದರೆ, ಅಥವಾ ಅದರ ಫಿಲ್ಟರ್‌ನಲ್ಲಿ ಧೂಳು ಕಟ್ಟಿದ್ದರೆ, ಯಂತ್ರ ಓವರ್‌ಹೀಟ್ ಅಲಾರಂ ಕೊಟ್ಟು ನಿಲ್ಲುತ್ತದೆ. ಮಿಲ್ಲಿಂಗ್‌ಗೆ ವಿಎಂಸಿ (ವರ್ಟಿಕಲ್ ಮಷಿನಿಂಗ್ ಸೆಂಟರ್) ಕೊಡಿಸುವುದಾದರೆ ಸುಮಾರು 6 ಬಾರ್ ಗಾಳಿ ಕೊಡುವ ಕಂಪ್ರೆಸರ್, ಅದಕ್ಕೊಂದು ಏರ್ ಡ್ರೈಯರ್ ಪಟ್ಟಿಯಲ್ಲಿರಲೇಬೇಕು. ಗಾಳಿ ಇಲ್ಲದೆ, ಟೂಲ್ ಹಿಡಿದು ತಿರುಗುವ ಸ್ಪಿಂಡಲ್ ಅದನ್ನು ಬಿಡುವುದಿಲ್ಲ, ಅಷ್ಟು ದೊಡ್ಡ ಯಂತ್ರ ಅಷ್ಟಕ್ಕೇ ನಿಂತುಬಿಡುತ್ತದೆ.

ಕಾಲೇಜಿನ ಯಂತ್ರ ಸಾಯುವುದು ಹೆಚ್ಚಾಗಿ ಓಡಿ ಅಲ್ಲ, ನಿಂತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಂತ್ರ ನಡೆಸುವ ಕಂಪ್ಯೂಟರ್ ಆದ ಕಂಟ್ರೋಲರ್‌ನ ಮೆಮೊರಿಯಲ್ಲಿ ಪ್ಯಾರಾಮೀಟರ್ (ಯಂತ್ರದ ಹೊಂದಾಣಿಕೆಗಳು), ಆಫ್‌ಸೆಟ್ (ಟೂಲಿನ ಅಳತೆಯ ತಿದ್ದುಪಡಿ), ಪ್ರೋಗ್ರಾಂ ಉಳಿಯುವುದು ಒಂದು ಪುಟ್ಟ ಲಿಥಿಯಂ ಬ್ಯಾಟರಿಯಿಂದ. ಅಕ್ಷಗಳ ಸ್ಥಾನ ನೆನಪಿಡುವ ಎನ್‌ಕೋಡರ್‌ಗೆ ಇನ್ನೊಂದು ಬ್ಯಾಟರಿ. ಫ್ಯಾನಕ್ ಕಂಪನಿಯ ಕಂಟ್ರೋಲರ್‌ನಲ್ಲಿ ಬ್ಯಾಟರಿ ಸೋತಾಗ ಪರದೆಯ ಮೇಲೆ ‘ಬ್ಯಾಟ್’ ಎಂದು ಮಿನುಗುತ್ತದೆ. ರಜೆಯಲ್ಲಿ ತಿಂಗಳುಗಟ್ಟಲೆ ಮೇನ್ ಸ್ವಿಚ್ ಆರಿಸಿಟ್ಟ ಪ್ರಯೋಗಾಲಯದಲ್ಲಿ ಅದನ್ನು ನೋಡುವವರು ಯಾರು? ಕಾಲೇಜು ತೆರೆಯುವ ಹೊತ್ತಿಗೆ ಪ್ಯಾರಾಮೀಟರ್ ಅಳಿಸಿಹೋಗಿರುತ್ತದೆ, ಕಂಪನಿಯ ಎಂಜಿನಿಯರ್ ಬರುವವರೆಗೆ ಬಾಗಿಲಿಗೆ ಬೀಗ. ಪರಿಹಾರ ಕಷ್ಟದ್ದಲ್ಲ. ವರ್ಷಕ್ಕೊಮ್ಮೆ ಬ್ಯಾಟರಿ ಬದಲಿಸಬೇಕು, ಅದೂ ಯಂತ್ರಕ್ಕೆ ಕರೆಂಟ್ ಇರುವಾಗಲೇ. ಆರಿಸಿ ಬದಲಿಸಿದರೆ ನೆನಪು ಹೋಗಬಹುದು. ಯಂತ್ರ ಹೂಡಿದ ದಿನವೇ ಪ್ಯಾರಾಮೀಟರ್‌ಗಳ ಪ್ರತಿಯನ್ನು ಮೆಮೊರಿ ಕಾರ್ಡ್‌ಗೆ ಇಳಿಸಿ, ಒಂದು ವಿಭಾಗದಲ್ಲಿ, ಇನ್ನೊಂದು ಪ್ರಾಂಶುಪಾಲರ ಕೊಠಡಿಯಲ್ಲಿ ಇಡಬೇಕು. ರಜೆಯಲ್ಲೂ ವಾರಕ್ಕೊಮ್ಮೆ ಯಂತ್ರ ಚಾಲೂ ಮಾಡಿ, ಅಕ್ಷಗಳನ್ನು ಆಚೀಚೆ ಓಡಿಸಿ, ಸ್ಪಿಂಡಲನ್ನು ಕಾಲು ಗಂಟೆ ನಿಧಾನವಾಗಿ ತಿರುಗಿಸಬೇಕು.

ಕತ್ತರಿಸುವಾಗ ಟೂಲನ್ನು ತಂಪಾಗಿಡುವ ಕೂಲಂಟ್‌ನದೂ ಇದೇ ಕಥೆ. 100 ಲೀಟರ್ ನೀರಿಗೆ 5ರಿಂದ 8 ಲೀಟರ್ ಕಟಿಂಗ್ ಆಯಿಲ್. ನೀರಿಗೆ ಎಣ್ಣೆ ಸುರಿಯಬೇಕು, ಎಣ್ಣೆಗೆ ನೀರಲ್ಲ. ಬೋರ್‌ವೆಲ್‌ನ ಗಡಸು ನೀರಿನಲ್ಲಿ ಈ ಮಿಶ್ರಣ ಒಡೆದು ಮೇಲೆ ಕೆನೆ ಕಟ್ಟುತ್ತದೆ, ಕೆಳಗೆ ಯಂತ್ರದ ಬೆಡ್‌ಗೆ ತುಕ್ಕು ಹಿಡಿಯುತ್ತದೆ. ಆರ್‌ಒ ನೀರು ಬಳಸಿದರೆ ಈ ಪಾಡಿಲ್ಲ. ಸಾಂದ್ರತೆ ನೋಡಲು ಅಂಗೈಯಲ್ಲಿ ಹಿಡಿಯುವ ರಿಫ್ರ್ಯಾಕ್ಟೋಮೀಟರ್ ಒಂದು ಸಾಕು. ದೀರ್ಘ ರಜೆಗೆ ಮುನ್ನ ಟ್ಯಾಂಕ್ ಖಾಲಿ ಮಾಡದಿದ್ದರೆ ನಿಂತ ಕೂಲಂಟ್ ಕೊಳೆತು ನಾರುತ್ತದೆ, ಆಮೇಲೆ ವಿದ್ಯಾರ್ಥಿಗಳು ಯಂತ್ರದ ಹತ್ತಿರ ನಿಲ್ಲುವುದೇ ಕಷ್ಟ.

ಇನ್ನು ಟೂಲಿಂಗ್. ಯಂತ್ರದ ಜೊತೆ ಬರುವ ಒಂದೆರಡು ಹೋಲ್ಡರ್‌ಗಳಿಂದ ಪಾಠ ಮುಗಿಯುವುದಿಲ್ಲ. ಒರಟಾಗಿ ಕತ್ತರಿಸುವ ರಫಿಂಗ್‌ಗೆ ಸಿಎನ್‌ಎಂಜಿ 120408 ಇನ್ಸರ್ಟ್ (ಬದಲಿಸಬಹುದಾದ ಕತ್ತರಿಸುವ ತುದಿ), ನಯಗೊಳಿಸುವ ಫಿನಿಶಿಂಗ್‌ಗೆ ವಿಎನ್‌ಎಂಜಿ 160404, ಗ್ರೂವಿಂಗ್, 60 ಡಿಗ್ರಿ ಥ್ರೆಡಿಂಗ್, ಬೋರಿಂಗ್ ಬಾರ್, ಡ್ರಿಲ್, ಕೊರೆದು ಹೊಂದಿಸಿಕೊಳ್ಳುವ ಸಾಫ್ಟ್ ಜಾ (ಚಕ್‌ನ ಹಿಡಿಯುವ ದವಡೆ), ಇಷ್ಟು ಕನಿಷ್ಠ. ಇನ್ಸರ್ಟ್ ಹತ್ತರ ಡಬ್ಬಿಯಲ್ಲಿ ಬರುತ್ತದೆ, ಸಿಎನ್‌ಎಂಜಿಗೆ ನಾಲ್ಕು ಅಲಗು. ಕಲಿಯುವ ಕೈಯಲ್ಲಿ ಅಲಗು ಮುರಿಯುವುದು ಸಹಜ, ಮುರಿಯಲೂಬೇಕು. ಮುರಿದರೆ ಹೊಸದಕ್ಕೆ ಹಣವಿಲ್ಲ ಎಂಬ ಭಯದಲ್ಲಿ ವಿದ್ಯಾರ್ಥಿಗಳನ್ನು ಯಂತ್ರದಿಂದ ದೂರ ನಿಲ್ಲಿಸಿ ತೋರಿಸುವ ಪಾಠ, ಪಾಠವೇ ಅಲ್ಲ.

ಸಮಯದ ಲೆಕ್ಕವನ್ನೂ ನೋಡಿ. 20 ಮಂದಿಯ ಬ್ಯಾಚ್, ಮೂರು ತಾಸಿನ ಲ್ಯಾಬ್, ಒಂದು ಯಂತ್ರ: ತಲಾ 9 ನಿಮಿಷ. ಅಷ್ಟರಲ್ಲಿ ಒಂದು ಟೂಲಿನ ಆಫ್‌ಸೆಟ್ ತೆಗೆಯುವುದೂ ಕಷ್ಟ. ಆದ್ದರಿಂದ ಯಂತ್ರದ ಪಕ್ಕದಲ್ಲೇ ಹತ್ತು ಸಾಧಾರಣ ಕಂಪ್ಯೂಟರ್‌ಗಳಿರಲಿ. ಜಿ00ಯಿಂದ ಜಿ03ರವರೆಗಿನ ಚಲನೆಯ ಆದೇಶಗಳನ್ನು ಅಭ್ಯಾಸ ಮಾಡಲು ಉಚಿತವಾಗಿ ಸಿಗುವ ಲಿನಕ್ಸ್‌ಸಿಎನ್‌ಸಿ ತಂತ್ರಾಂಶವೇ ಸಾಕು. ಒಂದೇ ಆದೇಶದಲ್ಲಿ ಹಲವು ಸಲ ಕತ್ತರಿಸುವ ಜಿ71ರಂಥ ಸೈಕಲ್‌ಗಳನ್ನು ಮಾತ್ರ ಯಂತ್ರದ ಕಂಟ್ರೋಲರ್‌ಗೆ ಹೊಂದುವ ಸಿಮ್ಯುಲೇಟರ್‌ನಲ್ಲಿ ಕಲಿಸಬೇಕು, ಬರೆಯುವ ರೀತಿ ಬೇರೆ ಬೇರೆ ಇರುತ್ತದೆ. ಪರದೆಯ ಮೇಲೆ ತಪ್ಪು ತಿದ್ದಿಕೊಂಡವರು ಮಾತ್ರ ಯಂತ್ರಕ್ಕೆ ಬಂದರೆ 9 ನಿಮಿಷ ತಾನಾಗಿ ಹಿಗ್ಗುತ್ತದೆ.

ಏನನ್ನು ಮಾಡಿಸಬೇಕು? ಪಠ್ಯದಲ್ಲಿರುವ ಹೆಸರಿಲ್ಲದ ಮೆಟ್ಟಿಲು ಶಾಫ್ಟ್ ಬೇಡ. ಕಲಬುರಗಿ ತೊಗರಿಯ ನಾಡು, ದಾಲ್ ಮಿಲ್‌ಗಳ ಊರು. ಮಿಲ್ ಯಂತ್ರದಲ್ಲಿ 6205 ಬೇರಿಂಗ್ ಕೂರುವಂಥ ಶಾಫ್ಟ್ ಒಂದನ್ನು ಮಾಡಿಸಿ. ಬೇರಿಂಗ್‌ನ ಒಳವ್ಯಾಸ 25 ಮಿ.ಮೀ. ಕೆ6 ಫಿಟ್ (ಬೇರಿಂಗ್ ಬಿಗಿಯಾಗಿ ಕೂರಲು ಬೇಕಾದ ಅಳತೆಯ ಮಿತಿ) ಎಂದರೆ ಶಾಫ್ಟ್ 25.002ರಿಂದ 25.015ರ ಒಳಗಿರಬೇಕು, ಅಂದರೆ ಸಿಗುವ ಜಾಗ 13 ಮೈಕ್ರಾನ್. ಇದಕ್ಕಿಂತ ತೆಳುವಾದರೆ ಬೇರಿಂಗ್‌ನ ಒಳಬಳೆ ಶಾಫ್ಟ್ ಮೇಲೆ ಜಾರಿ ಅದನ್ನೇ ತಿನ್ನುತ್ತದೆ, ದಪ್ಪವಾದರೆ ಒಳಗಿನ ಸಡಿಲು ಹೋಗಿ ಬೇರಿಂಗ್ ಬಿಸಿಯೇರುತ್ತದೆ. 0.02 ಮಿ.ಮೀ. ತೋರಿಸುವ ವರ್ನಿಯರ್ ಇಲ್ಲಿ ಕುರುಡು. 0.001 ಓದುವ ಮೈಕ್ರೊಮೀಟರ್ ಬೇಕು, ಅದು ಸರಿಯಿದೆಯೇ ಎಂದು ನೋಡಲು ಸ್ಲಿಪ್ ಗೇಜ್ ಬೇಕು. ಆಗತಾನೇ ಕತ್ತರಿಸಿದ ಜಾಬ್ (ತಯಾರಾಗುತ್ತಿರುವ ಭಾಗ) ಮೈಕ್ರೊಮೀಟರ್‌ಗಿಂತ 20 ಡಿಗ್ರಿ ಬಿಸಿ ಇದ್ದರೆ 25 ಮಿ.ಮೀ. ಉಕ್ಕು ಸುಮಾರು 6 ಮೈಕ್ರಾನ್ ದಪ್ಪ ತೋರಿಸುತ್ತದೆ. ಆರಲು ಬಿಡದೆ ಅಳೆದರೆ ಆ 13 ಮೈಕ್ರಾನ್ ಜಾಗದ ಸುಮಾರು ಅರ್ಧ ಭಾಗ ಅಲ್ಲೇ ಹೋಯಿತು.

ಈ ಒಂದು ಜಾಬಿನಲ್ಲಿ ಎಲ್ಲ ಪಾಠವೂ ಇದೆ. ಜಿ71ರಿಂದ ರಫ್ ಮಾಡಿ ವ್ಯಾಸದಲ್ಲಿ 0.5 ಮಿ.ಮೀ. ಉಳಿಸಬೇಕು. ಫಿನಿಶಿಂಗ್ ಟೂಲಿನ ವೇರ್ ಆಫ್‌ಸೆಟ್‌ನಲ್ಲಿ (ಟೂಲಿನ ಸವೆತದ ತಿದ್ದುಪಡಿ) ಬೇಕೆಂದೇ +0.2 ಹಾಕಿ ಫಿನಿಶಿಂಗ್ ಸೈಕಲ್ ಜಿ70 ಓಡಿಸಬೇಕು. ಅಳೆದಾಗ 25.23 ಬಂತೆನ್ನಿ. ಬೇಕಾದ್ದು 25.01, ಆದ್ದರಿಂದ 0.22 ಕಳೆದು ಆಫ್‌ಸೆಟ್ −0.02 ಮಾಡಿ ಮತ್ತೆ ಫಿನಿಶ್ ಮಾಡಬೇಕು. ಎಕ್ಸ್ ಅಕ್ಷದಲ್ಲಿ ಬರೆಯುವುದು ವ್ಯಾಸದ ಲೆಕ್ಕ. ತ್ರಿಜ್ಯ ಎಂದುಕೊಂಡು ಅರ್ಧ, ಅಂದರೆ 0.11 ಕಳೆದವರ ಜಾಬ್ 25.12ಕ್ಕೆ ನಿಲ್ಲುತ್ತದೆ. ದಪ್ಪ ಉಳಿದರೆ ಮತ್ತೆ ಕತ್ತರಿಸಬಹುದು, ತೆಳುವಾದರೆ ಗುಜರಿಗೆ. ಮೊದಲೇ +0.2 ಹಾಕುವುದು ಅದಕ್ಕೇ.

ಟೇಪರ್ ಮತ್ತು ತ್ರಿಜ್ಯದ ಮೂಲೆಗಳಲ್ಲಿ ಅಳತೆ ತಪ್ಪಿ, ನೇರ ಭಾಗ ಮಾತ್ರ ಸರಿ ಬಂದರೆ ಟೂಲಿನ ಮೂಗಿನ ದುಂಡನ್ನು ಲೆಕ್ಕಕ್ಕೆ ತರುವ ಜಿ42 ಆದೇಶ ಮರೆತಿದ್ದಾರೆ, ಇಲ್ಲವೇ ಆಫ್‌ಸೆಟ್ ಪುಟದಲ್ಲಿ ಮೂಗಿನ ತ್ರಿಜ್ಯ 0.4 ಬರೆದಿಲ್ಲ ಎಂದೇ ಅರ್ಥ.

ಅಪಾಯದ ತಪ್ಪುಗಳು ಬೇರೆ. ಪ್ಯಾರಾಮೀಟರ್ ಹೊಂದಿಸಿದ ರೀತಿಗೆ ತಕ್ಕಂತೆ, ‘ಎಕ್ಸ್50.0’ ಬದಲು ದಶಾಂಶ ಚುಕ್ಕಿ ಬಿಟ್ಟು ‘ಎಕ್ಸ್50’ ಬರೆದರೆ ಕಂಟ್ರೋಲರ್ ಅದನ್ನು 0.050 ಮಿ.ಮೀ. ಎಂದು ಓದಬಹುದು. ಆಗ ಟೂಲ್ ರ‍್ಯಾಪಿಡ್ ವೇಗದಲ್ಲಿ ಸೀದಾ ಜಾಬಿನ ನಡುವಿಗೆ ನುಗ್ಗುತ್ತದೆ. ಟಿ0101 ಎಂದು ಕರೆಯುವಲ್ಲಿ ಟಿ0103 ಎಂದರೆ ಒಂದು ಟೂಲಿಗೆ ಇನ್ನೊಂದರ ಆಫ್‌ಸೆಟ್, ಟೂಲ್‌ಗಳನ್ನು ಹೊತ್ತ ಟರೆಟ್ ಹೋಗಿ ಚಕ್‌ಗೆ ಬಡಿಯಬಹುದು. ಕಟಿಂಗ್ ವೇಗವನ್ನು ಒಂದೇ ಸಮ ಇಡುವ ಜಿ96ರಲ್ಲಿ ನಿಮಿಷಕ್ಕೆ 150 ಮೀಟರ್ ಕಟಿಂಗ್ ವೇಗ ಕೊಟ್ಟರೆ 40 ಮಿ.ಮೀ. ವ್ಯಾಸದಲ್ಲಿ ಸ್ಪಿಂಡಲ್ ನಿಮಿಷಕ್ಕೆ ಸುಮಾರು 1,194 ಸುತ್ತು ತಿರುಗುತ್ತದೆ. ಫೇಸಿಂಗ್ ಮಾಡುತ್ತ (ತುದಿಯ ಮುಖವನ್ನು ಕತ್ತರಿಸುತ್ತ) 5 ಮಿ.ಮೀ.ಗೆ ಬಂದರೆ ಲೆಕ್ಕ 9,500 ದಾಟುತ್ತದೆ. ಮೊದಲೇ ‘ಜಿ50 ಎಸ್2000’ ಎಂದು ಮಿತಿ ಹಾಕದಿದ್ದರೆ ಸ್ಪಿಂಡಲ್ ತನ್ನ ಗರಿಷ್ಠ ವೇಗಕ್ಕೆ ಏರುತ್ತದೆ, ಆ ವೇಗದಲ್ಲಿ ಚಕ್‌ನ ದವಡೆಗಳು ಹೊರಕ್ಕೆ ಎಳೆದು ಹಿಡಿತ ಸಡಿಲಿಸುತ್ತವೆ. ಎಲ್ಲರಿಗೂ ಕಾಣಲಿ ಎಂದು ಬಾಗಿಲಿನ ಇಂಟರ್‌ಲಾಕ್ (ಬಾಗಿಲು ತೆರೆದಿದ್ದರೆ ಯಂತ್ರ ಓಡದಂತೆ ತಡೆಯುವ ವ್ಯವಸ್ಥೆ) ತಪ್ಪಿಸಿ ಯಂತ್ರ ಓಡಿಸುವುದು ಇನ್ನೂ ದೊಡ್ಡ ತಪ್ಪು, ಇದಕ್ಕೆ ಯಾವ ವಿನಾಯಿತಿಯೂ ಇರಬಾರದು. ಮೊದಲ ಜಾಬ್ ಯಾವಾಗಲೂ ಸಿಂಗಲ್ ಬ್ಲಾಕ್‌ನಲ್ಲಿ (ಪ್ರೋಗ್ರಾಂನ ಒಂದೊಂದೇ ಸಾಲು), ರ‍್ಯಾಪಿಡ್ 25 ಶೇಕಡಾದಲ್ಲಿ, ಒಂದು ಕೈ ಚಲನೆ ನಿಲ್ಲಿಸುವ ಫೀಡ್ ಹೋಲ್ಡ್ ಗುಂಡಿಯ ಮೇಲೆ.

ಇದನ್ನೆಲ್ಲ ಕಲಿಸಲು ಜನ ಬೇಕು. ಯಂತ್ರ ಮಾರುವ ಕಂಪನಿಯವರು ಕೊಡುವ ಎರಡು ಮೂರು ದಿನದ ತರಬೇತಿಯಲ್ಲಿ ಗುಂಡಿಗಳ ಪರಿಚಯವಾಗುತ್ತದೆ, ಸೆಟ್ಟಿಂಗ್ ಬರುವುದಿಲ್ಲ. ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಸಂಸ್ಥೆ ಜಿಟಿಟಿಸಿಯ ಕೇಂದ್ರ ಕಲಬುರಗಿಯಲ್ಲೇ ಇದೆ. ಪ್ರತಿ ಕಾಲೇಜಿನಿಂದ ಒಬ್ಬ ಉಪನ್ಯಾಸಕ, ಒಬ್ಬ ವರ್ಕ್‌ಶಾಪ್ ಬೋಧಕ ಒಂದು ಪೂರ್ತಿ ಬೇಸಿಗೆ ರಜೆ ಅಲ್ಲಿ ಕೆಲಸ ಮಾಡಿ ಕಲಿಯಲು ಮಂಡಳಿ ಹಣ ಒದಗಿಸಬಹುದು. ಬೋಧಕನ ಹುದ್ದೆ ಗುತ್ತಿಗೆಯದಾಗಿದ್ದರೆ, ಕಲಿತವನು ಮರುವರ್ಷ ಹೈದರಾಬಾದ್ ಅಥವಾ ಪುಣೆಯ ಕಾರ್ಖಾನೆಗೆ ಹೊರಡುತ್ತಾನೆ. ಅವನನ್ನು ದೂರುವಂತಿಲ್ಲ.

ಪಠ್ಯಕ್ರಮ, ಪರೀಕ್ಷೆ ವಿಟಿಯು ಮತ್ತು ತಾಂತ್ರಿಕ ಶಿಕ್ಷಣ ಇಲಾಖೆಯ ಕೆಲಸ ಎಂಬುದು ನಮಗೆ ಗೊತ್ತು. ಆದರೆ ಹಣ ಕೊಡುವವರು ಷರತ್ತು ಹಾಕಬಹುದು. ನಮ್ಮ ಕೋರಿಕೆ ಇಷ್ಟು: ಯಂತ್ರದ ಜೊತೆಗೇ ಸ್ಟೆಬಿಲೈಸರ್, ಅರ್ಥಿಂಗ್, ಕಂಪ್ರೆಸರ್, ಟೂಲಿಂಗ್, ಅಳತೆಯ ಉಪಕರಣಗಳು ಒಂದೇ ಟೆಂಡರ್‌ನಲ್ಲಿರಲಿ. ಐದು ವರ್ಷದ ನಿರ್ವಹಣಾ ಒಪ್ಪಂದದ ಬೆಲೆಯನ್ನು ಖರೀದಿಯ ದಿನವೇ ನಿಗದಿ ಮಾಡಿ. ಇನ್ಸರ್ಟ್, ಎಣ್ಣೆ, ಬ್ಯಾಟರಿ, ಕಬ್ಬಿಣದ ಬಾರ್ ಕೊಳ್ಳಲು ಪ್ರತಿ ವರ್ಷ ಪ್ರತ್ಯೇಕ ಶೀರ್ಷಿಕೆಯಲ್ಲಿ ಹಣ ಕೊಡಿ, ಅದನ್ನು ಬೇರೆಡೆಗೆ ತಿರುಗಿಸಲು ಬಾರದಂತಿರಲಿ.

ತಪಾಸಣೆಗೂ ಒಂದು ಸುಲಭ ದಾರಿಯಿದೆ. ಫ್ಯಾನಕ್‌ನಂಥ ಕಂಟ್ರೋಲರ್‌ಗಳಲ್ಲಿ ‘ಕಟಿಂಗ್ ಟೈಮ್’ ಎಂಬ ಲೆಕ್ಕ ಪರದೆಯ ಮೇಲೇ ಸಿಗುತ್ತದೆ, ಟೂಲ್ ಕತ್ತರಿಸುವ ಫೀಡ್ ಚಲನೆಯಲ್ಲಿದ್ದ ಒಟ್ಟು ಸಮಯ ಅದು. ಬಳಕೆ ಪ್ರಮಾಣಪತ್ರದ ಜೊತೆ ಪ್ರತಿ ಸೆಮಿಸ್ಟರ್‌ನ ಕೊನೆಗೆ ಆ ಪರದೆಯ ಫೋಟೊ ಕೇಳಿ. ಎರಡು ಸೆಮಿಸ್ಟರ್ ಕಳೆದರೂ ಅಂಕಿ ಅಲುಗದಿದ್ದರೆ ಆ ಕಾಲೇಜಿಗೆ ಹೊಸ ಯಂತ್ರ ಕೊಡುವ ಮೊದಲು ಹಳೆಯದು ಯಾಕೆ ನಿಂತಿದೆ ಎಂದು ನೋಡಲು ಒಬ್ಬರನ್ನು ಕಳಿಸಿ.

ಟೆಂಡರ್‌ನ ಕರಡು ಸಿದ್ಧವಾಗುವ ಹಂತದಲ್ಲೇ ನಮ್ಮನ್ನು ಕರೆಯಿರಿ. ತಾಂತ್ರಿಕ ವಿವರಪಟ್ಟಿಯನ್ನು ನಿಮ್ಮ ಅಧಿಕಾರಿಗಳ ಜೊತೆ ಕೂತು, ಯಾವ ಸಂಭಾವನೆಯೂ ಇಲ್ಲದೆ ಬರೆದುಕೊಡುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಮೆಕ್ಯಾನಿಕಲ್ ವಿಭಾಗದ ಕೆಲವು ಉಪನ್ಯಾಸಕರು ಮತ್ತು ವರ್ಕ್‌ಶಾಪ್ ಬೋಧಕರು