ಹಾರ್ಲೆಕ್ವಿನ್ ಸಿಗಡಿಯ ಆಹಾರ ಪೂರೈಕೆಯಲ್ಲಿ ಬದಲಾವಣೆ: ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರಿಗೆ ನಮಸ್ಕಾರಗಳು.

ಉಪ್ಪುನೀರಿನ ಟ್ಯಾಂಕಿನಲ್ಲಿ ಹಾರ್ಲೆಕ್ವಿನ್ ಸಿಗಡಿಯನ್ನು ಸಾಕುತ್ತಿರುವ ಹಾಗೂ ಸಾಕಬೇಕೆಂದಿರುವ ಎಲ್ಲರ ಗಮನಕ್ಕೆ ತರುವುದೇನೆಂದರೆ, ಬರುವ ತಿಂಗಳ ಮೊದಲ ಶನಿವಾರದಿಂದ ಮಾಟುಂಗದ ನಮ್ಮ ಅಂಗಡಿಯಲ್ಲಿ ಈ ಸಿಗಡಿಯ ಆಹಾರಕ್ಕೆಂದು ಇಡೀ ನಕ್ಷತ್ರಮೀನನ್ನು ಮಾರುವುದಿಲ್ಲ. ಅದರ ಬದಲು, ಮೊದಲೇ ಹೆಸರು ಬರೆಸಿದವರಿಗೆ ಚಾಕೊಲೇಟ್ ಚಿಪ್ ಎಂಬ ಜಾತಿಯ ನಕ್ಷತ್ರಮೀನಿನ ಒಂದೊಂದು ತೋಳನ್ನು ಕತ್ತರಿಸಿ ಕೊಡಲಾಗುವುದು. ಹೀಗೆ ಆಹಾರಕ್ಕೆ ಹೆಸರು ಬರೆಸದವರಿಗೆ ಇನ್ನು ಮುಂದೆ ಸಿಗಡಿಯನ್ನೂ ಮಾರುವುದಿಲ್ಲ. ಈ ಎರಡನೆಯ ನಿಯಮ ಕೆಲವರಿಗೆ ಬಿಗಿಯೆನಿಸಬಹುದಾದ್ದರಿಂದ ಕಾರಣಗಳನ್ನು ತುಸು ವಿವರವಾಗಿಯೇ ಬರೆಯುತ್ತಿದ್ದೇವೆ.

ಸುಮಾರು ಐದು ಸೆಂಟಿಮೀಟರ್ ಉದ್ದ ಬೆಳೆಯುವ, ಕೆನೆಬಿಳಿ ಮೈಮೇಲೆ ದೊಡ್ಡ ದೊಡ್ಡ ಬಣ್ಣದ ಮಚ್ಚೆಗಳಿರುವ ಈ ಸಿಗಡಿಯನ್ನು ಅಂಗಡಿಯಲ್ಲಿ ನೋಡಿದವರು ಅದನ್ನೂ ಮೀನುಗಳ ಮೈ ಶುಚಿಮಾಡುವ ಕ್ಲೀನರ್ ಸಿಗಡಿಯಂತೆ ಸಿಕ್ಕಿದ್ದನ್ನು ತಿಂದುಕೊಂಡಿರುವ ಪ್ರಾಣಿಯೆಂದು ಭಾವಿಸುವುದು ಸಹಜ. ವಾಸ್ತವದಲ್ಲಿ ಅದು ಆಹಾರದ ಗುಳಿಗೆ, ಆರ್ಟೀಮಿಯಾ, ಮೈಸಿಸ್ ಎಂಬ ಸಿಗಡಿಯಂಥ ಪುಟ್ಟ ಜೀವಿಗಳು, ಮೀನಿನ ಚೂರು ಯಾವುದನ್ನೂ ಮುಟ್ಟುವುದಿಲ್ಲ. ನಕ್ಷತ್ರಮೀನೇ ಅದರ ಊಟ. ಹೆಣ್ಣು ಗಂಡು ಜೋಡಿಯಾಗಿ ಬದುಕುವ ಇವು ವಾಸನೆ ಹಿಡಿದು ಬೇಟೆಯನ್ನು ಪತ್ತೆಹಚ್ಚುತ್ತವೆ, ತಮಗಿಂತ ಎಷ್ಟೋ ದೊಡ್ಡದಾದ ನಕ್ಷತ್ರಮೀನನ್ನು ಸೇರಿ ಮಗುಚಿಹಾಕುತ್ತವೆ, ಆಮೇಲೆ ತೋಳಿನ ಅಡಿಭಾಗದಲ್ಲಿರುವ ಸಣ್ಣ ಕೊಳವೆಯಂಥ ಪಾದಗಳನ್ನೂ ಒಳಗಿನ ಮೆದು ಮಾಂಸವನ್ನೂ ಕಿತ್ತು ತಿನ್ನುತ್ತವೆ. ಎದ್ದು ಕಾಣುವ ಅಗಲವಾದ ಚಪ್ಪಟೆ ಕಾಲುಗಳಿಗಿಂತ, ಅವುಗಳ ಮುಂದಿರುವ ಸಪೂರ ಇಕ್ಕುಳದಂಥ ಕಾಲುಗಳೇ ಈ ಕೆಲಸವನ್ನು ಹೆಚ್ಚಾಗಿ ಮಾಡುತ್ತವೆ. ತೋಳಿನ ತುದಿಯಿಂದ ತೊಡಗಿ ನಡುಭಾಗದ ಕಡೆಗೆ ತಿನ್ನುತ್ತಾ ಹೋಗುವುದರಿಂದ ಬೇಟೆ ದಿನಗಟ್ಟಲೆ ಜೀವಂತವಾಗಿಯೇ ಇರುತ್ತದೆ. ನೋಡುವವರಿಗೆ ಇದು ಕ್ರೂರವೆನಿಸಿದರೆ ಅದರಲ್ಲಿ ತಪ್ಪೇನಿಲ್ಲ. ಹಾಗೆನಿಸುವ ಮನೆಯವರು ಬೇರೊಂದು ಸಿಗಡಿಯನ್ನು ಆರಿಸಿಕೊಳ್ಳುವುದು ಒಳ್ಳೆಯದೆಂದೇ ನಮ್ಮ ಸಲಹೆ.

ಇದುವರೆಗೆ ಬಹಳ ಮಂದಿ ಆಹಾರಕ್ಕೆಂದು ಒಯ್ಯುತ್ತಿದ್ದುದು ಲಿಂಕಿಯಾ ಜಾತಿಯ ನಕ್ಷತ್ರಮೀನುಗಳನ್ನು. ಇವು ಕಡಲಿನಿಂದಲೇ ಹಿಡಿದು ತಂದವು. ಬಂಡೆಗಳ ಮೇಲಿನ ತೆಳುವಾದ ಜೈವಿಕ ಪೊರೆಯನ್ನು ಸವರಿಕೊಂಡು ಬದುಕುವ ಇವುಗಳಿಗೆ ಮನೆಯ ಟ್ಯಾಂಕಿನಲ್ಲಿ ಹೊಟ್ಟೆತುಂಬ ಆಹಾರ ಸಿಗುವುದು ಅಪರೂಪ. ನೀರಿನ ಉಪ್ಪಿನಂಶ ಸ್ವಲ್ಪ ಏರುಪೇರಾದರೂ ತಾಳಿಕೊಳ್ಳಲಾರವು. ಸಿಗಡಿ ಅರ್ಧ ತಿನ್ನುವಷ್ಟರಲ್ಲಿ ನಕ್ಷತ್ರಮೀನು ಸತ್ತರೆ ಉಳಿದ ಭಾಗ ಕೊಳೆತು ಅಮೋನಿಯ ಏರುತ್ತದೆ, ಸಣ್ಣ ಟ್ಯಾಂಕಾಗಿದ್ದರೆ ಮೀನುಗಳಿಗೂ ಕುತ್ತು ಬರುತ್ತದೆ. ಒಂದು ಜೋಡಿ ಸಿಗಡಿಗಾಗಿ ತಿಂಗಳು ತಿಂಗಳೂ ಇಂಥ ಪ್ರಾಣಿಗಳನ್ನು ಕಡಲಿನಿಂದ ತರಿಸುವುದು ಗ್ರಾಹಕರಿಗೂ ದುಬಾರಿ, ನಮಗೂ ಒಪ್ಪಿಗೆಯಿಲ್ಲ.

ಚಾಕೊಲೇಟ್ ಚಿಪ್ ನಕ್ಷತ್ರಮೀನು ಇದಕ್ಕಿಂತ ಗಟ್ಟಿ ಜೀವ. ಮೀನು, ಸಿಗಡಿ, ಮರುವಾಯಿಯ ಮಾಂಸವನ್ನು ಸಲೀಸಾಗಿ ತಿನ್ನುತ್ತದೆ, ಕಳೆದುಕೊಂಡ ತೋಳನ್ನು ತಿಂಗಳುಗಳ ಅವಧಿಯಲ್ಲಿ ಮತ್ತೆ ಬೆಳೆಸಿಕೊಳ್ಳುತ್ತದೆ. ಇವುಗಳಿಗಾಗಿ ಅಂಗಡಿಯ ಹಿಂಬದಿಯಲ್ಲಿ ಪ್ರತ್ಯೇಕ ಟ್ಯಾಂಕ್ ಇಟ್ಟಿದ್ದೇವೆ. ಶುದ್ಧ ಬ್ಲೇಡಿನಿಂದ ನಡುಭಾಗಕ್ಕೆ ತಗಲದಂತೆ ಒಂದು ತೋಳನ್ನು ಮಾತ್ರ ಕತ್ತರಿಸಿ, ಗಾಯ ಪೂರ್ತಿ ಮುಚ್ಚಿ ಪ್ರಾಣಿ ಮೊದಲಿನಂತೆ ಉಣ್ಣತೊಡಗುವವರೆಗೆ ಅದನ್ನು ಬೇರೆಯೇ ಇರಿಸುತ್ತೇವೆ. ತೋಳೊಂದರ ಬೆಲೆ ಇಡೀ ನಕ್ಷತ್ರಮೀನಿನ ಬೆಲೆಯ ಐದನೇ ಒಂದು ಭಾಗಕ್ಕಿಂತ ತುಸು ಹೆಚ್ಚೇ ಇರುತ್ತದೆ. ತಿಂಗಳುಗಟ್ಟಲೆ ಅದನ್ನು ಸಾಕುವ ಆಹಾರ, ಉಪ್ಪು, ಕರೆಂಟಿನ ಖರ್ಚು ಅದರಲ್ಲಿ ಸೇರಿದೆ. ಇದನ್ನು ನೋಡಿ ಮನೆಯಲ್ಲೇ ಒಂದನ್ನು ಸಾಕಬಹುದಲ್ಲ ಎಂದುಕೊಳ್ಳುವವರು ಖಂಡಿತ ಸಾಕಬಹುದು, ಆದರೆ ಹವಳದ ಟ್ಯಾಂಕಿನಲ್ಲಿ ಬೇಡ: ಮೆದು ಹವಳಗಳನ್ನೂ ಸ್ಪಂಜುಗಳನ್ನೂ ಅದು ತಿನ್ನುತ್ತದೆ.

ಜೋಡಿಯೊಂದಕ್ಕೆ ಸಾಮಾನ್ಯವಾಗಿ ವಾರಕ್ಕೊಂದು ತೋಳು ಸಾಕಾಗುತ್ತದೆ, ಒಂಟಿ ಸಿಗಡಿಗೆ ಇನ್ನೂ ಕಡಿಮೆ. ಈ ನಕ್ಷತ್ರಮೀನಿನ ಮೇಲ್ಮೈ ಗಡುಸಾಗಿರುವುದರಿಂದ ತೋಳನ್ನು ಅಡಿಭಾಗ ಮೇಲಾಗಿರುವಂತೆ, ಸಿಗಡಿ ಅಡಗಿಕೊಳ್ಳುವ ಕಲ್ಲಿನ ಸಂದಿನ ಹತ್ತಿರವೇ ಇಡಬೇಕು. ದೀಪ ಆರಿಸಿದ ಮೇಲೆ ಇಟ್ಟರೆ ಅವು ಬೇಗ ಹೊರಬರುತ್ತವೆ. ಒಂದು ಸಿಗಡಿ ತೋಳನ್ನು ಸಂದಿಯೊಳಕ್ಕೆ ಎಳೆದುಕೊಂಡು ಹೋಗುವುದನ್ನು ಟಾರ್ಚಿನ ಮಂದ ಬೆಳಕಿನಲ್ಲಿ ನೋಡಬಹುದು. ಖಾಲಿ ಶಂಖದೊಳಗೆ ಬದುಕುವ ಸನ್ಯಾಸಿ ಏಡಿ ಅಥವಾ ಕ್ಲೀನರ್ ಸಿಗಡಿ ಇರುವ ಟ್ಯಾಂಕಿನಲ್ಲಿ ಅವು ಊಟ ಕದಿಯುತ್ತವೆ, ಆದ್ದರಿಂದ ಮೊದಲ ಒಂದೆರಡು ಗಂಟೆ ಗಮನವಿರಲಿ. ಮಾಂಸ ಬಿಳಿಚಿ, ಕರಗಿ, ವಾಸನೆ ಬರತೊಡಗಿದರೆ ಸಿಗಡಿ ಇನ್ನೂ ಅದರ ಮೇಲೆ ಕುಳಿತಿದ್ದರೂ ಉಳಿದದ್ದನ್ನು ತೆಗೆದುಬಿಡಿ. ಪೊರೆ ಕಳಚುವ ಸಮಯದಲ್ಲಿ ಸಿಗಡಿ ಊಟ ಬಿಡುವುದುಂಟು; ಆಗ ಗಾಬರಿಪಟ್ಟು ಹೊಸ ತೋಳು ಹಾಕಬೇಕಿಲ್ಲ. ಮೀನಿಗೆ ಕಾಯಿಲೆ ಬಂದಾಗ ಹಾಕುವ ತಾಮ್ರದ ಔಷಧಿ ಮಾತ್ರ ಈ ಟ್ಯಾಂಕಿಗೆ ಬೀಳಲೇಕೂಡದು, ಅದು ಸಿಗಡಿಗೆ ವಿಷ.

ಆಸ್ಟೆರೀನಾ ಎಂಬ ಬೆರಳುಗುರಿನಷ್ಟು ಸಣ್ಣ ನಕ್ಷತ್ರಮೀನುಗಳು ಟ್ಯಾಂಕಿನಲ್ಲಿ ಹೆಚ್ಚಿದಾಗ ಅವನ್ನು ತೆಗೆಸಲೆಂದೇ ಈ ಸಿಗಡಿಯನ್ನು ಕೊಳ್ಳುವವರಿದ್ದಾರೆ. ಉಪಾಯ ಸರಿಯಾದದ್ದೇ, ಸಿಗಡಿ ಅವನ್ನು ಹುಡುಕಿ ಹುಡುಕಿ ತಿಂದು ಮುಗಿಸುತ್ತದೆ. ಮುಗಿದ ಮೇಲೆ ಅದು ಹಸಿವಿನಿಂದ ಸಾಯುತ್ತದೆಂಬುದು ಮರೆತುಹೋಗುತ್ತದೆ. ಅಂಥವರು ಸಿಗಡಿ ಕೊಳ್ಳುವಾಗಲೇ ತಿಳಿಸಿದರೆ, ಕೆಲಸ ಮುಗಿದ ಬಳಿಕ ಅದನ್ನು ನಾವು ಅರ್ಧ ಬೆಲೆಗೆ ಹಿಂದಕ್ಕೆ ಪಡೆಯುತ್ತೇವೆ. ಜುಹು, ಗಿರಗಾಂವ್ ಕಡಲಂಚಿನಲ್ಲಿ ಇಳಿತದ ಹೊತ್ತಿಗೆ ಸಿಗುವ ನಕ್ಷತ್ರಮೀನುಗಳನ್ನು ತಂದು ಹಾಕಬಹುದೇ ಎಂದು ಕೇಳುವವರಿಗೆ ನಮ್ಮ ಉತ್ತರ, ದಯವಿಟ್ಟು ಬೇಡ. ನಗರದ ನಾಲೆಗಳೆಲ್ಲ ಸೇರುವ ಆ ನೀರಿನಿಂದ ಏನೇನು ಟ್ಯಾಂಕಿಗೆ ಬಂದೀತೆಂದು ಹೇಳಲಾಗದು, ಮೇಲಾಗಿ ಆ ಜೀವಿಗಳು ಅಲ್ಲೇ ಇರಲಿ.

ಮೇ ರಜೆಯಲ್ಲಿ, ಚೌತಿಗೆ ಊರಿಗೆ ಹೋಗುವವರಿಗಾಗಿ ಫ್ರೀಜರಿನಲ್ಲಿಟ್ಟ ತೋಳುಗಳನ್ನೂ ಕೊಡುತ್ತೇವೆ. ಹೆಪ್ಪು ಬಿಡಿಸಿ ಹಾಕಿದರೆ ಹೆಚ್ಚಿನ ಸಿಗಡಿಗಳು ತಿನ್ನುತ್ತವೆ, ಕೆಲವು ಮೂಸಿ ಬಿಟ್ಟುಬಿಡುತ್ತವೆ. ಆದ್ದರಿಂದ ಹೊರಡುವ ಮೊದಲೇ ಒಮ್ಮೆ ಹಾಕಿ ನೋಡಿರಿ. ಬೇಸಿಗೆಯಲ್ಲಿ ಮನೆ ಮುಚ್ಚಿಕೊಂಡು ಹೋಗುವವರು ಊಟಕ್ಕಿಂತ ಮೊದಲು ನೀರನ್ನು ತಂಪಾಗಿಡುವ ಚಿಲ್ಲರ್ ಯಂತ್ರವನ್ನು ವಿಚಾರಿಸಿಕೊಳ್ಳಬೇಕು, ಏಕೆಂದರೆ ನೀರು 24ರಿಂದ 26 ಡಿಗ್ರಿಯ ಆಸುಪಾಸಿನಲ್ಲಿರುವುದು ಅಗತ್ಯ.

ತೋಳುಗಳನ್ನು ಶನಿವಾರ ಸಂಜೆ 5ರಿಂದ 8ರವರೆಗೆ, ಟ್ಯಾಂಕಿನ ನೀರು ತುಂಬಿದ ಚೀಲದಲ್ಲಿ ಕೊಡಲಾಗುವುದು. ಡೊಂಬಿವಲಿ, ಮೀರಾ ರೋಡ್ ಕಡೆಯಿಂದ ಲೋಕಲಿನಲ್ಲಿ ಬರುವವರು ಥರ್ಮೊಕೋಲ್ ಡಬ್ಬಿ ತರಬೇಕಾಗಿ ವಿನಂತಿ. ಹೆಸರನ್ನು ಗುರುವಾರದೊಳಗೆ ಕೌಂಟರಿನಲ್ಲಾಗಲಿ ಫೋನಿನಲ್ಲಾಗಲಿ ಬರೆಸಬಹುದು. ಇಡೀ ನಕ್ಷತ್ರಮೀನಿಗೆ ಈಗಾಗಲೇ ಮುಂಗಡ ಕೊಟ್ಟವರ ಹಣವನ್ನು ಅವರ ಇಚ್ಛೆಯಂತೆ ಹಿಂದಿರುಗಿಸಲಾಗುವುದು ಅಥವಾ ತೋಳುಗಳ ಲೆಕ್ಕಕ್ಕೆ ಜಮಾ ಮಾಡಲಾಗುವುದು.

ತಮ್ಮ ವಿಶ್ವಾಸಿಗಳು,
ಅಂಗಡಿಯ ಪಾಲುದಾರರು
ಮಾಟುಂಗ, ಮುಂಬೈ